ಕಂದು, ಕಪ್ಪು, ಕಪ್ಪು, ಕಂದು, ಕಂದು

ಅಟ್ಟ ಕ್ಲೀನ್ ಮಾಡುವಾಗ ನನ್ನ ಹಳೇ ಎಲೆಕ್ಟ್ರಾನಿಕ್ಸ್ ಹವ್ಯಾಸದ ಬಿಸ್ಕತ್ ಡಬ್ಬ ಕೆಳಗಿಳಿಯಿತು. "ಇದು ಗುಜರಿಗೆ ತಾನೇ?" ಎಂದಳು ಮನೆಯವಳು. ಆ 'ತಾನೇ' ನನಗೆ ಹಿಡಿಸಲಿಲ್ಲ. "ಗುಜರಿಗಲ್ಲ, ಇವತ್ತಿಂದ ಮತ್ತೆ ಶುರು ಮಾಡ್ತಿದೀನಿ" ಎಂದುಬಿಟ್ಟೆ. ಹೇಳಿದ ಮೇಲೆ ಮಾಡಬೇಕಲ್ವಾ?

ಡಬ್ಬದ ತುಂಬ '555' ಎಂಬ ನಂಬರಿನ ಐಸಿಗಳು, ಅಂದರೆ ಟೈಮರಿನ ಕೆಲಸ ಮಾಡುವ ಪುಟ್ಟ ಚಿಪ್ಪುಗಳು. ಹಾನ್ಸ್ ಕ್ಯಾಮೆನ್ಜಿಂಡ್ ಎಂಬಾತ 1971ರಲ್ಲಿ ಇದನ್ನು ರೂಪಿಸಿದ. ಆಮೇಲೆ ನಮ್ಮಂಥವರು ಅದರಿಂದ ಎಲ್ಇಡಿ ಮಿಣುಕಿಸಿದ್ದೇ ಮಿಣುಕಿಸಿದ್ದು. ಮಿಣುಕುವ ಗಣಪತಿ ಮಂಟಪ, ಮಿಣುಕುವ ನಕ್ಷತ್ರ, ಟ್ಯಾಂಕ್ ತುಂಬಿದರೆ ಕಿರುಚುವ ಬಜರ್. ಈಗ ಅದ್ಯಾವುದೂ ಬೇಡ ಅನ್ನಿಸಿತು. ಊರೆಲ್ಲ ಮಿಣುಕುತ್ತಿರುವಾಗ ನಾನೊಬ್ಬ ಇನ್ನೂ ಮಿಣುಕಿಸಿ ಏನಾಗಬೇಕಿದೆ?

ನನಗೀಗ ಹತ್ತಿರುವ ಹುಚ್ಚು ರೇಡಿಯೊದ ಮೀಡಿಯಂ ವೇವ್. ಹಗಲಲ್ಲಿ ಆಕಾಶದ ಒಂದು ಪದರ ಆ ತರಂಗಗಳನ್ನು ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಪದರ ಕರಗುತ್ತದೆ, ದೂರದೂರದ ಸ್ಟೇಷನ್ನುಗಳು ಸಿಗತೊಡಗುತ್ತವೆ. ಅವನ್ನು ಕೇಳುವ ಪುಟ್ಟ ರೇಡಿಯೊ ಕಟ್ಟಲು ಬೇಕಾದ್ದು ಟಿಎ7642 ಎಂಬ ಮೂರು ಕಾಲಿನ ಐಸಿ, ಆಂಟೆನಾ ಸುತ್ತಲು ಫೆರೈಟ್ ಕಡ್ಡಿ, ಸ್ಟೇಷನ್ ತಿರುಗಿಸಲು ಗ್ಯಾಂಗ್ ಕಂಡೆನ್ಸರ್, ಒಂದೂವರೆ ವೋಲ್ಟಿನ ಸೆಲ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಗ್ಯಾಂಗ್ ಕಂಡೆನ್ಸರ್ ಎಂದರೆ ಅಂಗಡಿ ಹುಡುಗ ನನ್ನ ಮುಖ ನೋಡಿದ. ಒಳಗಿದ್ದ ಹಿರಿಯರು ಮಾತ್ರ "ರೇಡಿಯೊಗಾ ಸಾರ್?" ಎಂದು ನಕ್ಕು, ದೂಳು ಒರೆಸಿ ಕೊಟ್ಟರು. ಜೊತೆಗೆ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಒಂದು ಕಟ್ಟು.

ಬಿಟ್ಟ ಹವ್ಯಾಸಕ್ಕೆ ಮರಳುವುದರ ಬಗ್ಗೆ ಏನೋ ಹೇಳಬೇಕೆಂದೇ ಇದನ್ನು ಶುರು ಮಾಡಿದ್ದು. ಅದಕ್ಕೆ ಮುಂಚೆ ಈ ರೆಸಿಸ್ಟರ್ ವಿಷಯ ಮುಗಿಸಿಬಿಡುತ್ತೇನೆ.

ನನ್ನ ಕಾಲದ ರೆಸಿಸ್ಟರು ಗೋಧಿ ಬಣ್ಣದ್ದು. ಮೈಮೇಲೆ ನಾಲ್ಕು ಪಟ್ಟೆ, ಅವುಗಳ ಬಣ್ಣ ಓದಿಯೇ ಅದು ಎಷ್ಟು ಓಮ್ (ತಡೆಯ ಅಳತೆ) ಎಂದು ತಿಳಿಯಬೇಕು. ಕೊನೆಯದು ಚಿನ್ನದ ಬಣ್ಣ. ಯಾವ ಕಡೆಯಿಂದ ಓದಬೇಕೆಂದು ಮಗುವಿಗೂ ಗೊತ್ತಾಗುತ್ತಿತ್ತು. ಈಗಿನದು ನೀಲಿ. ಪಟ್ಟೆ ಐದು. ನೀಲಿ ಮೈಮೇಲೆ ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ ಥರ ಕಾಣುತ್ತವೆ. ನೀಲಿ ಮೈಗೆ ನೇರಳೆ ಪಟ್ಟೆ ಬಳಿದ ಪುಣ್ಯಾತ್ಮ ಯಾರೋ! ಅವನು ಟ್ಯೂಬ್‌ಲೈಟ್ ಕೆಳಗೆ ಕೂತು ಒಂದು ಸಲ ಓದಿ ನೋಡಲಿ. ವಯಸ್ಸಾಯ್ತು, ಚಾಳೀಸು ಹಾಕ್ಕೊಳ್ಳಿ ಎನ್ನಬೇಡಿ. ಹಾಕಿಕೊಂಡೇ ಹೇಳುತ್ತಿದ್ದೇನೆ.

ಇನ್ನೂ ಇದೆ. ಕಂದು, ಕಪ್ಪು, ಕಪ್ಪು, ಕಂದು, ಕಂದು ಎಂದರೆ ಒಂದು ಕಿಲೋಓಮ್, ಅಂದರೆ ಸಾವಿರ ಓಮ್. ಅದನ್ನೇ ತಿರುಗಿಸಿ ಹಿಡಿಯಿರಿ: ಕಂದು, ಕಂದು, ಕಪ್ಪು, ಕಪ್ಪು, ಕಂದು. 110 ಓಮ್! ಎರಡೂ ಅಳತೆಯವು ಮಾರ್ಕೆಟ್ಟಿನಲ್ಲಿ ಸಿಗುವಂಥವೇ. ಕೊನೆಯ ಪಟ್ಟೆಯ ಮುಂಚೆ ಸ್ವಲ್ಪ ಜಾಸ್ತಿ ಜಾಗ ಬಿಟ್ಟಿರುತ್ತಾರಂತೆ. ಕಾಲಂಗುಲ ಉದ್ದದ ವಸ್ತುವಿನಲ್ಲಿ ಎಷ್ಟು ಅಂತ ಬಿಡುತ್ತಾರೆ? ನನ್ನ ರೇಡಿಯೊಗೆ ಬೇಕಾಗಿದ್ದೂ ಸರಿಯಾಗಿ ಆ ಒಂದು ಕಿಲೋಓಮೇ. ಅಲ್ಲಿ 110 ಕೂತರೆ ದನಿ ಪಿಸುಪಿಸು. ಕೊನೆಗೆ ಓಮ್ ಅಳೆದು ತೋರಿಸುವ ಮಲ್ಟಿಮೀಟರನ್ನು ಒಂದೊಂದಕ್ಕೂ ಹಿಡಿದೆ. ಮೀಟರೇ ಹಿಡಿಯಬೇಕು ಅಂದಮೇಲೆ ಆ ರಂಗೋಲಿ ಯಾಕೆ ಬೇಕಿತ್ತು ಸ್ವಾಮಿ? ಬರೀ ಅಂಕಿ ಅಚ್ಚು ಹಾಕಿ ಎಂದರೆ, ಬಗ್ಗಿಸಿ ಕೂರಿಸಿದಾಗ ಅಂಕಿ ಅಡಿಗೆ ಹೋಗುತ್ತದೆ, ಪಟ್ಟೆಯಾದರೆ ಸುತ್ತಲೂ ಕಾಣುತ್ತದೆ ಎಂದು ಗೆಳೆಯನೊಬ್ಬ ವಾದಿಸಿದ. ವಾದ ಸರಿಯಾಗಿಯೇ ಇದೆ. ಅದಕ್ಕೇ ಅವನಿಗೆ ನಾನು ಇನ್ನೂ ಫೋನ್ ಮಾಡಿಲ್ಲ.

ರೇಡಿಯೊ ಹಾಡಿತು. ಆದರೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹುಡುಕುತ್ತಾ ರಾತ್ರಿ ಮುಳ್ಳು ತಿರುಗಿಸಿದರೆ ಬರೀ ಗುಂಯ್. ಎಲ್ಇಡಿ ಬಲ್ಬುಗಳ ಕೆಲಸ. ಅದರೊಳಗಿನ ಸರ್ಕ್ಯೂಟು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುತ್ತದೆ. ಆ ಗಲಾಟೆ ತಡೆಯುವ ಫಿಲ್ಟರನ್ನು ಅಗ್ಗದ ಬಲ್ಬಿನಲ್ಲಿ ದುಡ್ಡು ಉಳಿಸಲು ಬಿಟ್ಟುಬಿಡುತ್ತಾರೆ. ನಮ್ಮ ಮನೆಯ ದೀಪವನ್ನೆಲ್ಲ ಆರಿಸಿದೆ. ಗುಂಯ್ ಅರ್ಧ ಇಳಿಯಿತು. ಉಳಿದರ್ಧ ಪಕ್ಕದ ಮನೆಯ ಮೆಟ್ಟಿಲ ಬಲ್ಬಿನದು. ಅವರ ಜೊತೆ ಪಾರ್ಕಿಂಗ್ ವಿಷಯಕ್ಕೆ ಮೊದಲೇ ಮಾತು ಬಿಟ್ಟಿದೆ. ಈಗ ಬಾಗಿಲು ತಟ್ಟಿ, "ನಿಮ್ಮ ಲೈಟ್ ಆರಿಸಿ, ನಂಗೆ ಧಾರವಾಡ ಕೇಳಬೇಕು" ಅಂತ ಯಾವ ಬಾಯಲ್ಲಿ ಹೇಳಲಿ?