ಬಾಲ್ ಹೋದ ಮೇಲೆ ಯಾಕೆ ನಿಲ್ತೀರಿ?

ಶಾಟ್ ಮಿಸ್ ಆದರೆ ಕೋಚ್‌ಗೆ ಸಿಟ್ಟು ಬರ್ತದೆ ಅಂತ ಹುಡುಗರು ತಿಳಕೊಂಡಿದ್ದಾರೆ. ಕಲಬುರಗಿಯಲ್ಲಿ ಹೊತ್ತು ಏರುವ ಮುಂಚೆ ಮಕ್ಕಳನ್ನು ಕೋರ್ಟಿಗೆ ಕರೆಸಿ ಬಾಸ್ಕೆಟ್‌ಬಾಲ್ ಕಲಿಸುವವನು ನಾನು. ಮಿಸ್ ಆದ ಶಾಟಿನ ಬಗ್ಗೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಅದಾದ ಮೇಲಿನ ಎರಡು ಸೆಕೆಂಡು ಇದೆಯಲ್ಲ, ಹೊಟ್ಟೆ ಉರಿಸೋದು ಅದು.

ಮೊನ್ನೆ ಪ್ರಾಕ್ಟೀಸ್ ಮ್ಯಾಚಿನಲ್ಲಿ ಒಬ್ಬ ಹುಡುಗ ಲೇಅಪ್‌ಗೆ, ಅಂದರೆ ಓಡಿ ಹೋಗಿ ರಿಂಗಿನ ಹತ್ತಿರದಿಂದ ಬಾಲ್ ಹಾಕೋಕೆ, ಏರಿದ. ಎದುರಿನವನು ಬಾಲ್ ಕಸಗೊಂಡ. ಇವನು ಅಲ್ಲೇ ನಿಂತ. ಎರಡೂ ಕೈ ಅಗಲ ಮಾಡಿ ರೆಫ್ರಿ ಕಡೆ ನೋಡಿದ, ಆಮೇಲೆ ಬೆಂಚ್ ಕಡೆ, ಆಮೇಲೆ ಸೊಂಟದ ಮೇಲೆ ಕೈ ಇಟ್ಟು ಮ್ಯಾಲೆ ಆಕಾಶದ ಕಡೆ. ಕೋರ್ಟಿನ ಉದ್ದ 28 ಮೀಟರ್. ಕಾಲು ಚುರುಕಿದ್ದವನಿಗೆ ಅದು ನಾಲ್ಕೈದು ಸೆಕೆಂಡಿನ ಓಟ. ಇವನು ಮುಖ ಇಳಿಸೋದರೊಳಗೆ ಆ ಕಡೆ ಬಾಸ್ಕೆಟ್ ಆಗಿಹೋಗಿತ್ತು. ಅವರು ಐದು ಜನ ಆಡಿದರು, ನಮ್ಮವರು ನಾಲ್ಕೇ ಜನ. ಹೊರಗೆ ಕರೆದು ಕೂಡಿಸಿದೆ.

"ಫೌಲ್ ಇತ್ರಿ ಸರ, ಕೈಗೇ ಹೊಡದಾನ್ರಿ."

ಇರಬಹುದಪ್ಪಾ. ಆದರೆ ಸೀಟಿ ಊದಿಲ್ಲ ಅಂದರೆ ಆಟ ನಡೆದಿದೆ. ಓಡಬೇಕು. ಬಾಲ್ ಕಳಕೊಂಡಿದ್ದಕ್ಕೆ ನಿನಗೆ ಸಂಕಟ ಆಗಿದೆ, ಒಪ್ತೀನಿ, ಆ ಸಂಕಟನ ಮನೆಗೆ ಹೋಗಿ ಪಡು. ಈಗ ನೀನು ಕಾಯಬೇಕಾದ ಮನುಷ್ಯ ಖಾಲಿ ರಿಂಗಿನ ಕಡೆ ಹೊಂಟಾನ.

ರೆಫ್ರಿ ಜೊತೆ ವಾದ ಮಾಡೋದೂ ಇದರದೇ ತಮ್ಮ. ಅದಕ್ಕೆ ಟೆಕ್ನಿಕಲ್ ಫೌಲ್ ಬಿದ್ದರೆ ಎದುರಿನವರಿಗೆ ಒಂದು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಶಾಟ್. ಅದು ನಿನ್ನನ್ನು ಆಟದಿಂದ ಹೊರಗೆ ಹಾಕುವ ಐದು ಫೌಲಿನ ಲೆಕ್ಕಕ್ಕೂ ಸೇರ್ತದೆ, ಟೀಮಿನ ಲೆಕ್ಕಕ್ಕೂ ಸೇರ್ತದೆ. ಕ್ವಾರ್ಟರ್‌ನಲ್ಲಿ ಟೀಮಿಂದು ನಾಲ್ಕು ಫೌಲ್ ಆದ ಮೇಲೆ ಸಣ್ಣ ಫೌಲಿಗೂ ಅವರಿಗೆ ಎರಡು ಫ್ರೀ ಥ್ರೋ. ನಿನ್ನ ಒಂದು ಮಾತಿನ ಸಾಲ ಉಳಿದ ನಾಲ್ವರು ತೀರಿಸಬೇಕು.

ಬೆಂಚಿಗೆ ಬಂದವರದು ಇನ್ನೊಂದು ಕತೆ. ಟವೆಲ್ ಒಗೆದು, ತುದಿಗೆ ಹೋಗಿ, ಮುಖ ಆ ಕಡೆ ತಿರುಗಿಸಿ ಕುಂದರ್ತಾರೆ. ನಾನು ಕೂಡಿಸಿದ್ದು ಉಸಿರು ತಗೊಳ್ಳಲಿ, ತಾನು ಕಾಯುವ ಮ್ಯಾನ್ ಯಾವ ಕೈಲಿ ಡ್ರಿಬಲ್ ಮಾಡ್ತಾನೆ ನೋಡಲಿ ಅಂತ. ಮತ್ತೆ ಒಳಗೆ ಕಳಿಸುವಾಗ ಕೇಳಿದರೆ ಏನೂ ನೋಡಿರೋದಿಲ್ಲ.

ಇನ್ನು ಮೂರು ಪಾಯಿಂಟಿನ ಹುಚ್ಚು. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಸ್ಟೀಫ್ ಕರಿ 2021ರ ಡಿಸೆಂಬರಿನಲ್ಲಿ ರೇ ಆಲನ್‌ರ 2,973 ಮೂರು ಪಾಯಿಂಟಿನ ಶಾಟ್‌ಗಳ ದಾಖಲೆ ದಾಟಿದ್ದು ನಮ್ಮ ಹುಡುಗರಿಗೆ ಬಾಯಿಪಾಠ. ನಾನು ಬರೋದರೊಳಗೆ 6.75 ಮೀಟರ್ ಗೆರೆಯ ಆಚೆಯಿಂದ, ಕೆಲವರು ಅರ್ಧ ಕೋರ್ಟಿನಿಂದ ಒಗೀತಾ ಇರ್ತಾರೆ, ಒಬ್ಬ ಮೊಬೈಲ್ ಹಿಡಿದು ರೀಲ್ಸ್ ಮಾಡ್ತಾ ಇರ್ತಾನೆ. ಬೋರ್ಡಿನಿಂದ 4.6 ಮೀಟರ್ ದೂರದ ಫ್ರೀ ಥ್ರೋ ಗೆರೆ ಹತ್ತಿರ ಒಬ್ಬನೂ ಇರೋದಿಲ್ಲ. ಅಡ್ಡ ಬರುವವರಿಲ್ಲ, ಕೈ ಎತ್ತುವವರಿಲ್ಲ, ಐದು ಸೆಕೆಂಡು ಪೂರ್ತಿ ನಿಮ್ಮದೇ. ಮ್ಯಾಚ್ ಸೋಲೋದು ಬಹಳ ಸಲ ಅಲ್ಲೇ. 

ಡೆನಿಸ್ ರಾಡ್ಮನ್ ಹೆಸರು ಹೇಳಿದರೆ ಇವರಿಗೆ ಅವನ ಬಣ್ಣದ ಕೂದಲು ನೆನಪಾಗ್ತದೆ. 6 ಅಡಿ 7 ಇಂಚಿನ ಮನುಷ್ಯ, ತನಗಿಂತ ಎತ್ತರದ ಸೆಂಟರ್‌ಗಳ ನಡುವೆ 1992ರಿಂದ 1998ರವರೆಗೆ ಏಳು ಸೀಸನ್ ಸತತವಾಗಿ ಎನ್‌ಬಿಎ ರೀಬೌಂಡಿನಲ್ಲಿ, ಅಂದರೆ ಮಿಸ್ ಆಗಿ ಸಿಡಿದ ಬಾಲ್ ಹಿಡಿಯೋದರಲ್ಲಿ, ಮೊದಲಿದ್ದ. ಜೊತೆಗಾರರ ಶಾಟ್ ಯಾವ ಕಡೆ ತಿರುಗಿ ಸಿಡೀತದೆ ಅಂತ ನಿಂತು ನೋಡಿ ಕಲಿತಿದ್ದ. ನಮ್ಮವರು ಬಾಲ್ ಮ್ಯಾಲೆ ಹೋದಾಗ ಬಾಯಿ ತೆರೆದು ಅದನ್ನೇ ನೋಡ್ತಾರೆ, ಎದುರಿನವನನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡೋದಿಲ್ಲ.

ಶಹಾಬಾದಿನಿಂದ ಬೆಳಿಗ್ಗೆ ಬಸ್ಸಿಗೆ ಬರುವ ಒಬ್ಬಳು ಹುಡುಗಿ ಇದ್ದಾಳೆ. ಪಾಯಿಂಟ್ ಹಾಕೋದು ಕಡಿಮೆ. ಆದರೆ ಡಿಫೆನ್ಸ್‌ನಲ್ಲಿ ಅವಳ ಬಾಯಿ ಸುಮ್ಮನಿರೋದಿಲ್ಲ. "ಬಲಕ್ಕ ಸ್ಕ್ರೀನ್! ಅಕ್ಕಾ ಬಲಕ್ಕ! ನಾ ಹಿಡದೀನಿ, ನೀ ಹಿಂದ ಸರಿ!" ಸ್ಕ್ರೀನ್ ಅಂದರೆ ನಮ್ಮವಳ ದಾರಿಗೆ ಎದುರಿನವಳು ಅಡ್ಡ ನಿಲ್ಲೋದು. ಬೆನ್ನ ಹಿಂದೆ ನಡೆಯೋದು ಆಟಗಾರ್ತಿಗೆ ಕಾಣೋದಿಲ್ಲ, ಆ ದನಿಯಿಂದಲೇ ಗೊತ್ತಾಗಬೇಕು. ಅವಳು ಕೋರ್ಟಿನಲ್ಲಿದ್ದಾಗ ಎದುರಿನವರಿಗೆ ಸುಲಭದ ಲೇಅಪ್ ಸಿಗೋದಿಲ್ಲ. ಸ್ಕೋರ್ ಶೀಟಿನಲ್ಲಿ ಇದಕ್ಕೆ ಜಾಗವೇ ಇಲ್ಲ. ಹುಡುಗರ ಟೀಮಿನಲ್ಲಿ ಇದನ್ನು ಮಾಡಿಸಬೇಕಂದರೆ ನನ್ನ ಗಂಟಲು ಹರೀತದೆ, ಅವರಿಗೆ ಕೂಗೋಕೆ ನಾಚಿಕೆ.

ಸಾಕ್ಸ್ ಇಲ್ಲದೆ ಬರೋದು, ಲೇಸ್ ಕಟ್ಟದೆ ಓಡೋದು ಸಣ್ಣ ವಿಷಯ ಅನ್ನಬೇಡಿ. ಜಾನ್ ವುಡನ್ ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದ ಟೀಮನ್ನು 1964ರಿಂದ 1975ರ ನಡುವೆ ಹತ್ತು ಸಲ ಅಲ್ಲಿನ ಕಾಲೇಜುಗಳ ಎನ್‌ಸಿಎಎ ಚಾಂಪಿಯನ್ ಮಾಡಿದ ಕೋಚ್. ಆಟಗಾರರಿಗೆ ಅವರ ಮೊದಲ ಪಾಠ ಸಾಕ್ಸ್ ಸುಕ್ಕಿಲ್ಲದೆ ಹಾಕಿಕೊಳ್ಳೋದು, ಯಾಕಂದರೆ ಸುಕ್ಕಿದ್ದಲ್ಲಿ ಬೊಬ್ಬೆ ಏಳ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನ ಸಿಮೆಂಟ್ ಕೋರ್ಟಿಗೆ ಈ ಪಾಠ ಇನ್ನೂ ಹೆಚ್ಚು ಬೇಕು.

ತಂದೆ ತಾಯಂದಿರಿಗೂ ಒಂದು ಮಾತು ಹೇಳಲೇಬೇಕು. ಮ್ಯಾಚ್ ನೋಡೋಕೆ ಬರ್ರಿ, ಚಪ್ಪಾಳೆ ಹೊಡೀರಿ, ನನಗೆ ಖುಷಿ. ಬೇಲಿ ಹತ್ತಿರ ನಿಂತು "ಪಾಸ್ ಕೊಡಬ್ಯಾಡ, ನೀನೇ ಹಾಕು" ಅಂತ ಕೂಗಬ್ಯಾಡ್ರಿ. ನಾನು ಪಾಸ್ ಕೊಡು ಅಂತೀನಿ, ಅಪ್ಪ ಹಾಕು ಅಂತಾರೆ. ಆ ಮಗು ಬಾಲ್ ಹಿಡಿದು ನಡುವೆ ನಿಲ್ತದೆ, ಅಷ್ಟರಲ್ಲಿ ಶಾಟ್ ಹಾಕೋಕೆ ಇರುವ 24 ಸೆಕೆಂಡು ಮುಗೀತದೆ. ಮನೆಗೆ ಹೋಗುವಾಗ ಗಾಡಿ ಮೇಲೆ ಮೊದಲ ಪ್ರಶ್ನೆ ಎಷ್ಟು ಪಾಯಿಂಟ್ ಹಾಕ್ದಿ ಅಂತ. ದಿನಾ ಅದೇ ಕೇಳಿದರೆ ಮಗು ಅದಕ್ಕೇ ಆಡ್ತದೆ.

ಅದಕ್ಕೇ ಈಗ ಸ್ಕೋರ್ ಟೇಬಲ್ ಮೇಲೆ ಇನ್ನೊಂದು ನೋಟ್‌ಬುಕ್ ಇಡ್ತಾ ಇದ್ದೀನಿ. ಬಾಲ್ ಹೋದಾಗ ಮೊದಲು ಹಿಂದಕ್ಕೆ ಓಡಿ ಬಂದವರು ಯಾರು, ಡಿಫೆನ್ಸ್‌ನಲ್ಲಿ ಕೂಗಿದವರು ಯಾರು, ಬಾಕ್ಸ್ ಔಟ್ ಮಾಡಿದವರು ಯಾರು, ಬೆಂಚಿನಲ್ಲಿದ್ದವರೇ ಬರೀಬೇಕು. ಮ್ಯಾಚಿಗೆ ಬಂದ ಪಾಲಕರೂ ತೆಗೆದು ನೋಡಬಹುದು. ಮುಂದಿನ ಟೂರ್ನಮೆಂಟಿಗೆ ಮೊದಲ ಐದು ಜನರನ್ನು ಆರಿಸುವಾಗ ಪಾಯಿಂಟಿನ ಜೊತೆ ಅದನ್ನೂ ನೋಡ್ತೀನಿ ಅಂತ ಮಕ್ಕಳಿಗೆ ಆಗಲೇ ಹೇಳಿದ್ದೀನಿ.