ಭಾಗವತರಿಗೆ ಬಸ್ಸಿನ ಅವಸರ

2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ನಮ್ಮ ಹಳೇ ಲ್ಯಾಪ್‌ಟಾಪಿಗೆ 11 ಹತ್ತಲಿಲ್ಲ. ಹಾಗಾಗಿ ವಿಂಡೋಸಿನ ಜಾಗಕ್ಕೆ ಲಿನಕ್ಸ್ ಬಂತು. ಪ್ರಿಂಟರ್ ಕೂಡ ತಕರಾರಿಲ್ಲದೆ ಓಡಿತು, ಅದೇ ಅನುಮಾನ ಹುಟ್ಟಿಸಬೇಕಿತ್ತು. ಉಳಿದದ್ದು ಅಪ್ಪನ ತಾಳಮದ್ದಲೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಬಳಸುತ್ತಿದ್ದ ವಿಂಡೋಸ್ ಆಡಿಯೊ ಎಡಿಟರ್ ಒಂದೇ.

"ಆಡಾಸಿಟಿ ಅನ್ನೋ ಎಡಿಟರ್ ಹಾಕ್ಕೊಳ್ಳೋ, ಲಿನಕ್ಸಲ್ಲೇ ಓಡತ್ತೆ, ದುಡ್ಡೂ ಇಲ್ಲ" ಅಂದರು ಭಾವ. ನಿಜ. ಆದರೆ ಹಳೇ ಎಡಿಟರಿನ ಶಾರ್ಟ್‌ಕಟ್‌ಗಳು ಬೆರಳಿಗೆ ಅಂಟಿಬಿಟ್ಟಿವೆ, ಏನ್ಮಾಡೋದು?

ಇಂಥವರಿಗಾಗಿಯೇ 1993ರಿಂದ ವೈನ್ ಅನ್ನೋ ಪ್ರೋಗ್ರಾಂ ಇದೆ. ವಿಂಡೋಸ್ ಸಾಫ್ಟ್‌ವೇರ್ ಕೇಳಿದ್ದನ್ನೆಲ್ಲ ಲಿನಕ್ಸಿಗೆ ತಿಳಿಯುವ ಹಾಗೆ ಹೇಳಿ ಕೆಲಸ ಮಾಡಿಸುತ್ತದೆ. ಸುಳ್ಳು ಸಿ ಡ್ರೈವ್ ಒಂದನ್ನೂ ಕಟ್ಟಿಕೊಡುತ್ತದೆ. ಪಾಪ, ಎಡಿಟರಿಗೆ ಊರು ಬದಲಾದದ್ದೇ ಗೊತ್ತಾಗಲಿಲ್ಲ. ಸಲೀಸಾಗಿ ತೆರೆದುಕೊಂಡಿತು. ತೆರೆಯ ಮೇಲೆ ದನಿಯ ಅಲೆ ಮೂಡಿತು. ಪ್ಲೇ ಒತ್ತಿದರೆ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ.

ಅಪ್ಪ ಕ್ಯಾಸೆಟ್ ಹಳತಾಯ್ತು ಅಂದರು. ನಾಯ್ಸ್ ರಿಡಕ್ಷನ್ ಹಾಕಿದೆ. ಟೇಪಿನ ಹಿಸ್ ಹೋಯಿತು, ಚಟಪಟ ಕದಲಲಿಲ್ಲ. ಫೈಲಿನಲ್ಲೇ ಇಲ್ಲದ್ದನ್ನು ಅದು ಎಲ್ಲಿಂದ ತೆಗೆದೀತು? ದನಿ ತುಂಡು ತುಂಡಾಗಿ ಸ್ಪೀಕರಿಗೆ ಹೋಗುತ್ತದೆ, ಮುಂದಿನ ತುಂಡು ತಡವಾದರೆ ಚಟ್ ಅನ್ನುತ್ತದೆ. ತುಂಡುಗಳನ್ನು ಮೊದಲೇ ಕೂಡಿಡುವ ಬಫರನ್ನು 256ರಿಂದ 1024ಕ್ಕೆ ಏರಿಸಿದ ಮೇಲೆ ಸುಮ್ಮನಾಯಿತು.

ಆಗ ಒಳಗಿನಿಂದ ಅಪ್ಪನ ಕೂಗು: "ಎಂತದೋ ಅದು? ಭಾಗವತರಿಗೆ ಲಾಸ್ಟ್ ಬಸ್ ಹಿಡಿಯೋ ಅವಸರವಾ?"

ಕಿವಿಗೊಟ್ಟರೆ ಹೌದು. ಶ್ರುತಿ ಮೇಲೇರಿದೆ, ಮದ್ದಲೆ ಓಡುತ್ತಿದೆ, ಸಂಧಾನಕ್ಕೆ ಬಂದ ಕೃಷ್ಣ ಕೌರವನಿಗೆ ಗಡಿಬಿಡಿಯಲ್ಲಿ ಬುದ್ಧಿ ಹೇಳುತ್ತಿದ್ದಾನೆ. ಫೈಲ್ ಇದ್ದದ್ದು ಸೆಕೆಂಡಿಗೆ 44,100 ಸ್ಯಾಂಪಲ್‌ನಲ್ಲಿ, ಅಂದರೆ ದನಿಯ ಅಷ್ಟು ಅಳತೆಗಳಲ್ಲಿ; ದನಿಯನ್ನು ಸ್ಪೀಕರಿಗೆ ದಾಟಿಸುವ ಲಿನಕ್ಸಿನ ಸೌಂಡ್ ಸರ್ವರ್ ಅದನ್ನು 48,000ದ ಲೆಕ್ಕದಲ್ಲಿ ಬಾರಿಸುತ್ತಿತ್ತು. ಹೆಚ್ಚುಕಮ್ಮಿ ನೂರಕ್ಕೆ ಒಂಬತ್ತರಷ್ಟು ವೇಗ ಜಾಸ್ತಿ. ನನ್ನ ಕಿವಿಗೆ ಬೀಳಲಿಲ್ಲ, ಅಪ್ಪನಿಗೆ ಅಡುಗೆಮನೆಯಿಂದಲೇ ಗೊತ್ತಾಯಿತು. ಎರಡನ್ನೂ 44,100ಕ್ಕೆ ತಂದೆ. ಕೃಷ್ಣ ನಿಧಾನವಾಗಿ ಮಾತಾಡತೊಡಗಿದ.

ಸೇವ್ ಮಾಡಲು ಕನ್ನಡದಲ್ಲಿ ಹೆಸರು ಬರೆದೆ. ಎಲ್ಲ ಭಾಷೆಯ ಅಕ್ಷರಗಳನ್ನೂ ಗುರುತಿಸುವ ಯೂನಿಕೋಡ್ ಕಾಣದ ಆ ಮುದಿ ಎಡಿಟರ್ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ತೋರಿಸಿತು. ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿ, "ನಮ್ಮನ್ನೇ ಕೇಳ್ತಾ ಇದೆಯಲ್ಲೋ!" ಅಂದರು. ಕೊನೆಗೆ ಕೃಷ್ಣ ಸಂಧಾನವನ್ನು ಇಂಗ್ಲಿಷಿನಲ್ಲಿ ಮೊಟಕಿಸಿ ಕೆಎಸ್-1, ಕೆಎಸ್-2 ಅಂತ ಹೆಸರಿಟ್ಟು ಭಾವನ ಪೆನ್‌ಡ್ರೈವಿಗೂ ಹಾಕಿಕೊಟ್ಟೆ.

ಮರುದಿನ ಭಾವನ ಫೋನ್. "ಕೆಎಸ್-3 ಅಂದ್ರೆ ಯಾವ ಪ್ರಸಂಗವೋ?"

"ಆಡಾಸಿಟಿಯಲ್ಲಿ ತೆರೆದು ನೋಡಿ ಭಾವ," ಅಂದೆ.