ಮಿಠಾಯಿಗಿರುವ ಎಚ್ಚರಿಕೆ ಔಷಧಿಗೇಕಿಲ್ಲ?

ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಜೇಷ್ಠಮಧು ಮಿದುಳಿನ ನರಕೋಶ ಉಳಿಸುತ್ತದಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ. ಮುಂಜಾನೆ ಒಂದು ಚಮಚ, ಸಂಜೆ ಒಂದು ಚಮಚ ಪುಡಿ ಬಿಸಿನೀರಿಗೆ ಹಾಕಿ ಕುಡಿದರೆ ಮರೆವು ಹತ್ತಿರ ಸುಳಿಯುವುದಿಲ್ಲವಂತೆ. ಬಾಗಲಕೋಟೆಯ ಹಿರಿಯರೊಬ್ಬರು ಕೆಳಗೆ ‘ನಾ ನಿನ್ನೆಯಿಂದ ಚಾಲೂ ಮಾಡೇನಿ’ ಎಂದು ಬರೆದಿದ್ದರು. ಅವರು ದಿನಾ ಬಿಪಿ ಗುಳಿಗೆ ನುಂಗುವವರು. ನೆದರ್ಲೆಂಡ್ಸ್‌ನಲ್ಲಿ ಕೂತು ಅದನ್ನು ಓದಿದರೆ ಎದೆ ಧಸಕ್ಕೆನ್ನುತ್ತದೆ. ಇದೇ ಬೇರಿನ ಸತ್ವ ಹಾಕಿದ ‘ಡ್ರಾಪ್’ ಎಂಬ ಕರಿ ಮಿಠಾಯಿ ಇಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಸತ್ವ ಜಾಸ್ತಿ ಇದ್ದರೆ, ರಕ್ತದೊತ್ತಡ ಇರುವವರು ಅತಿಯಾಗಿ ತಿನ್ನಬಾರದು ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಈ ಬೇರಿಗೆ ಸಿಹಿ ಕೊಡುವ ವಸ್ತು ಗ್ಲಿಸಿರೈಜಿನ್; ಅದು ಕಿಲೋಗೆ 4 ಗ್ರಾಂ ಮುಟ್ಟಿದ ಮಿಠಾಯಿಗೆ ಯುರೋಪ್ 2004ರಲ್ಲೇ ಈ ನಿಯಮ ಮಾಡಿತು. ನಮ್ಮಲ್ಲಿ ಔಷಧಿಯೆಂದು ಕೊಳ್ಳುವ ಪುಡಿಗೆ ಈ ಒಂದು ಸಾಲೂ ಇರುವುದಿಲ್ಲ.

ಸಂದೇಶ ಪೂರಾ ಸುಳ್ಳಲ್ಲ, ಅದೇ ಅಪಾಯ. 2017ರಲ್ಲಿ ಬ್ರಿಟನ್ನಿನ ಜಿಯೋವಾನ್ನಾ ಮಲ್ಲುಚ್ಚಿ ಅವರ ತಂಡ 1,040 ಸಂಯುಕ್ತಗಳನ್ನು ಶೋಧಿಸಿ ಕೊನೆಗೆ ಎರಡನ್ನು ಆರಿಸಿತು. ಒಂದು ಖಿನ್ನತೆಗೆ ಕೊಡುವ ಟ್ರಾಜೊಡೋನ್; ಇನ್ನೊಂದು ಜೇಷ್ಠಮಧುವಿನಲ್ಲಿರುವ ಡೈಬೆಂಜಾಯಿಲ್‌ಮೀಥೇನ್. ಮಿದುಳಿನ ಹಲವು ರೋಗಗಳಲ್ಲಿ ತಪ್ಪಾಗಿ ಮಡಚಿಕೊಂಡ ಪ್ರೋಟೀನು ಕೋಶದೊಳಗೆ ಗುಡ್ಡೆಯಾಗುತ್ತದೆ. ಆಗ ಕೋಶ ಗಾಬರಿಬಿದ್ದು ಹೊಸ ಪ್ರೋಟೀನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಆ ತಡೆ ದಿನಗಟ್ಟಲೆ ಮುಂದುವರಿದರೆ ನರಕೋಶ ಸಾಯುತ್ತದೆ. ಈ ಎರಡು ವಸ್ತುಗಳು ಆ ತಡೆಯನ್ನು ಸಡಿಲಿಸಿದವು, ನರಕೋಶಗಳು ಉಳಿದವು. ಆದರೆ ಇದು ನಡೆದದ್ದು ಇಲಿಗಳಲ್ಲಿ, ಶುದ್ಧ ಸಂಯುಕ್ತ ಕೊಟ್ಟು. ಬೇರಿನಲ್ಲಿ ಅದು ಇರುವುದು ಲೇಶಮಾತ್ರ. ಚಮಚಗಟ್ಟಲೆ ಪುಡಿ ತಿಂದರೂ ಆ ಪ್ರಮಾಣ ಮೈಗೆ ಸೇರುವುದಿಲ್ಲ, ಸೇರುವುದು ಗ್ಲಿಸಿರೈಜಿನ್.

ಮನುಷ್ಯರಲ್ಲೂ ಒಂದು ಪ್ರಯೋಗ ಆಗಿದೆ, ಅದು ಹೆಚ್ಚು ಬೋಧಪ್ರದ. 2004ರಲ್ಲಿ ಎಡಿನ್‌ಬರೋದವರು ಗ್ಲಿಸಿರೈಜಿನ್ ಮೂಲದಿಂದ ತಯಾರಿಸಿದ ಕಾರ್ಬೆನಾಕ್ಸೊಲೋನ್ ಎಂಬ ಔಷಧವನ್ನು 55ರಿಂದ 75 ವಯಸ್ಸಿನ ಹತ್ತು ಮಂದಿ ಆರೋಗ್ಯವಂತರಿಗೆ ನಾಲ್ಕು ವಾರ ಕೊಟ್ಟರು. ಪದಗಳನ್ನು ಥಟ್ಟನೆ ನೆನೆದು ಹೇಳುವ ಶಕ್ತಿ ಸುಧಾರಿಸಿತು. ಮಿದುಳಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮತ್ತೆ ಹುಟ್ಟುವುದನ್ನು ಅದು ತಡೆಯುತ್ತದೆ. ಕಾರ್ಟಿಸಾಲ್ ಹೆಚ್ಚಿದ್ದರೆ ನೆನಪಿನ ಭಾಗಕ್ಕೆ ಪೆಟ್ಟು. ಆದರೆ ಜೊತೆಗೆ ಅಮಿಲೊರೈಡ್ ಗುಳಿಗೆಯನ್ನೂ ಕೊಟ್ಟಿದ್ದರು, ಬಿಪಿ ಏರಬಾರದೆಂದು. ನಮ್ಮ ಸಂದೇಶದಲ್ಲಿ ಈ ಭಾಗವೇ ಇಲ್ಲ.

ಬಿಪಿ ಏರುವುದೇಕೆಂದರೆ, ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಒಂದು ಕಿಣ್ವವಿದೆ. ಜೇಷ್ಠಮಧು ಅದನ್ನೂ ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್ ಅಲ್ಡೋಸ್ಟಿರಾನ್ ಹಾರ್ಮೋನಿನ ಕೆಲಸ ಮಾಡತೊಡಗುತ್ತದೆ: ಉಪ್ಪು, ನೀರು ಮೈಯಲ್ಲಿ ನಿಲ್ಲುತ್ತವೆ, ಪೊಟ್ಯಾಶಿಯಂ ಮೂತ್ರದಲ್ಲಿ ಹೋಗುತ್ತದೆ. ಕಾಲು ಬಾವು, ಮೀನಖಂಡದ ಸೆಳೆತ, ಸುಸ್ತು, ಕೊನೆಗೆ ಎದೆಬಡಿತದ ಏರುಪೇರು. ಬಿಪಿಗೆ ನೀರಿಳಿಸುವ ಗುಳಿಗೆ ತಗೊಳ್ಳುವ ಹಲವರಲ್ಲಿ ಪೊಟ್ಯಾಶಿಯಂ ಎರಡೂ ಕಡೆಯಿಂದ ಸೋರುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರಿಗಂತೂ ಇದು ಬೇಡವೇ ಬೇಡ.

ಲೆಕ್ಕ ಹಾಕಿ ನೋಡಿ. ಒಳ್ಳೆಯ ಬೇರಿನಲ್ಲಿ ಕನಿಷ್ಠ ಶೇ. 4ರಷ್ಟು ಗ್ಲಿಸಿರೈಜಿನ್ ಇರುತ್ತದೆ, ಕೆಲವದರಲ್ಲಿ ಅದರ ಎರಡು ಪಟ್ಟಿಗೂ ಮೇಲೆ. ಒಂದು ಚಮಚ ಪುಡಿ ಸುಮಾರು 3 ಗ್ರಾಂ. ಅಂದರೆ ದಿನಕ್ಕೆ ಎರಡು ಚಮಚದಲ್ಲಿ 240 ಮಿಲಿಗ್ರಾಂ. ದಿನಾ ತಿನ್ನುವವರಿಗೆ ಯುರೋಪಿನ ತಜ್ಞ ಸಮಿತಿ ಹಾಕಿದ ಗಡಿ 100 ಮಿಲಿಗ್ರಾಂ. ಬಿಸಿನೀರಲ್ಲಿ ಇದು ಚೆನ್ನಾಗಿ ಕರಗುವುದರಿಂದ ಸೋಸಿ ಕುಡಿದರೂ ತಪ್ಪಿಸಿಕೊಳ್ಳಲಾಗದು. ಬಸುರಿಯರ ವಿಷಯದಲ್ಲಿ ಇನ್ನೂ ಬಿಗಿ ಬೇಕು. ವಾರಕ್ಕೆ 500 ಮಿಲಿಗ್ರಾಂ ದಾಟಿ ಸೇವಿಸಿದ್ದ ತಾಯಂದಿರ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಸರಾಸರಿ 7 ಅಂಕ ಹಿಂದೆ ಬಿದ್ದದ್ದನ್ನು ಹೆಲ್ಸಿಂಕಿಯ ಸಂಶೋಧಕರು 2017ರಲ್ಲಿ ತೋರಿಸಿದರು. ಮಿದುಳಿಗೆ ಒಳ್ಳೆಯದೆಂದು ಕೊಡುವ ಬೇರಿನ ಮಾತು ಇದು.

ಬೆಳಗಾವಿಯ ರವಿವಾರ ಪೇಟೆಯಲ್ಲಾಗಲಿ, ವಿಜಯಪುರದ ಶಾಸ್ತ್ರಿ ಮಾರ್ಕೆಟ್ಟಿನಲ್ಲಾಗಲಿ ಪುಡಿ ಕೇಳುವವರಿಗೆ ಒಂದು ಮಾತು: ಪುಡಿ ಬಿಡಿ, ಕಡ್ಡಿ ತಗೊಳ್ಳಿ. ಮುರಿದರೆ ಒಳಗೆ ಹಳದಿ, ಎಳೆಎಳೆಯಾಗಿ ನಾರು, ಅಗಿದರೆ ನಿಧಾನವಾಗಿ ಏರಿ ಬಹಳ ಹೊತ್ತು ನಿಲ್ಲುವ ಸಿಹಿ. ಗುಲಗಂಜಿ ಬೇರನ್ನು ಬೆರೆಸುವುದುಂಟು. ಪುಡಿಯಾದ ಮೇಲೆ ಕಣ್ಣಿಗೆ ತಿಳಿಯದು. ಕೆಮ್ಮಿಗೆ, ಗಂಟಲಿಗೆ ಒಂದು ಗ್ರಾಂ ಕಡ್ಡಿ ಜಜ್ಜಿ ಕುದಿಸಿ ನಾಲ್ಕೈದು ದಿನ ಕುಡಿದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಎರಡು ವಾರ ದಾಟಿಸುವುದಾದರೆ ಬಿಪಿ ನೋಡಿಸಿ, ರಕ್ತದಲ್ಲಿ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೂ ಇದರ ಪರಿಣಾಮ ಒಂದೆರಡು ವಾರ ಉಳಿಯುತ್ತದೆ. ಅಳೆಯುವ ವಿದ್ಯೆಗೆ ನಾವು ಯುರೋಪಿನ ಕಡೆ ನೋಡಬೇಕಿಲ್ಲ. ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಬೆಳಗಾವಿಯಲ್ಲೇ ಇದೆ. ಮಾರುವ ಪ್ರತಿ ಪೊಟ್ಟಣದ ಮೇಲೆ ಗ್ಲಿಸಿರೈಜಿನ್ ಎಷ್ಟೆಂದು ಅಚ್ಚಾಗಬೇಕು ಎಂದು ಗ್ರಾಹಕರು ಕೇಳಲಿ.

ಇಷ್ಟು ಹೇಳಿದ ಮೇಲೆ ಒಪ್ಪಬೇಕಾದ್ದೂ ಇದೆ. ಇಲ್ಲಿನ, ಅಂದರೆ ನೆದರ್ಲೆಂಡ್ಸ್‌ನ, ಪೊಟ್ಟಣದ ಮೇಲೆ ಎಚ್ಚರಿಕೆ ಇದ್ದರೂ ಎಷ್ಟು ಮಿಲಿಗ್ರಾಂ ಎಂದು ಬರೆದಿರಬೇಕೆಂಬ ಕಡ್ಡಾಯವಿಲ್ಲ. ಬುದ್ಧಿಗೆ ಹಾಲಿನ ಜೊತೆ ಯಷ್ಟಿಮಧುವಿನ (ಇದೇ ಜೇಷ್ಠಮಧು) ಚೂರ್ಣ ಎಂದು ಚರಕ ಸಂಹಿತೆ ಮೇಧ್ಯ ರಸಾಯನಗಳಲ್ಲಿ ಹೇಳಿದ್ದು ಈ ಪ್ರಯೋಗಶಾಲೆಗಳಿಗಿಂತ ಎಷ್ಟೋ ಮೊದಲು. ಅಲ್ಲದೆ, ನಮ್ಮ ಕಡೆಯ ಒಳ್ಳೆಯ ವೈದ್ಯರು ಚೂರ್ಣ ಕೊಡುವ ಮೊದಲು ‘ಹೊಟ್ಟಿ ಸಾಫ್ ಆಗತೈತೇನ್ರಿ?’ ಎಂದು ಕೇಳುತ್ತಾರೆ. ಗ್ಲಿಸಿರೈಜಿನ್ನನ್ನು ಚುರುಕುಗೊಳಿಸುವುದು ಕರುಳಿನ ಬ್ಯಾಕ್ಟೀರಿಯಾ. ಮಲಬದ್ಧತೆ ಇರುವವರಲ್ಲಿ ಅದು ಕರುಳಿನಲ್ಲಿ ಹೆಚ್ಚು ಹೊತ್ತು ನಿಂತು ಹೆಚ್ಚು ಹೀರಲ್ಪಡುತ್ತದೆ, ಅಂಥವರಿಗೆ ಕಡಿಮೆ ಪ್ರಮಾಣವೂ ಭಾರವಾಗಬಹುದು. ಅಂಗಡಿಯಲ್ಲಿ ಪೊಟ್ಟಣ ಎತ್ತಿಕೊಳ್ಳುವವನಿಗೆ ಇಲ್ಲಿ ಯಾರೂ ಆ ಪ್ರಶ್ನೆ ಕೇಳುವುದಿಲ್ಲ.